ಸರ್ವರ್ ರೂಮಿನ ಹೊಸ್ತಿಲು

ಆಯುಧಪೂಜೆಯ ದಿನ ರಂಜಿನಿಯನ್ನು ಸರ್ವರ್ ರೂಮಿನ ಹೊರಗೆ ನಿಲ್ಲಿಸಿದರು.

ನಂಜನಗೂಡಿನ ಆ ಬಟ್ಟೆ ಕಾರ್ಖಾನೆಗೆ ಅವಳು ಹೆಲ್ಪ್‌ಡೆಸ್ಕ್ ಟ್ರೈನಿಯಾಗಿ ಸೇರಿ ಒಂದು ಮಳೆಗಾಲ ಕಳೆದಿತ್ತು. ಯಾವ ವಿಭಾಗದ ಕಂಪ್ಯೂಟರ್ ಮುನಿಸಿಕೊಂಡರೂ ಫೋನು ಬರುತ್ತಿದ್ದುದು ಅವಳ ಮೇಜಿಗೆ. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆಯಬೇಕು, ಪಾಸ್‌ವರ್ಡ್ ಮರೆತವರಿಂದ ಬೈಸಿಕೊಳ್ಳಬೇಕು. ಗದ್ದೆ ಕೆಲಸದ ಕೂಲಿಯಲ್ಲಿ ಮಗಳನ್ನು ಓದಿಸಿದ ದೇವೀರಮ್ಮನಿಗೆ ಇದು ಸೋಜಿಗ. “ಅದೇನವ್ವ ನಿನ್ ಕೆಲ್ಸ, ಕೆಟ್ಟೋಯ್ತು ಅಂತ ಅಳೋರ್‌ಗೆ ಸಮಾಧಾನ ಮಾಡದಾ? ನಾವು ಕೇರಿಲಿ ಬಿಟ್ಟಿಯಾಗೇ ಮಾಡ್ತೀವಲ್ಲ” ಎಂದು ನಗುತ್ತಿದ್ದಳು. ನಕ್ಕರೂ, ಮಗಳಿಗೆ ಕೆಲಸ ಸಿಕ್ಕಿತೆಂದು ಕೇರಿಗೆಲ್ಲ ಸಾರಿಕೊಂಡು ಬಂದಿದ್ದಳು.

ತಿ. ನರಸೀಪುರದಲ್ಲಿ ಕಂಪ್ಯೂಟರ್ ಕೋರ್ಸು ಮುಗಿಸಿದ ಮೇಲೆ ರಂಜಿನಿ ಸವೆಸಿದ ಚಪ್ಪಲಿಗೆ ಲೆಕ್ಕವಿಲ್ಲ. ಎಲ್ಲಿ ಹೋದರೂ ಮೊದಲು ಅನುಭವ ಕೇಳುವರು. ಆಮೇಲೆ ಊರು ಕೇಳುವರು. ಹೆಮ್ಮಿಗೆ ಎಂದೊಡನೆ, ಮನೆ ದೇವಸ್ಥಾನಕ್ಕೆ ಹತ್ತಿರವೋ ದೂರವೋ ಎನ್ನುವರು. ಕೆಟ್ಟ ಮಾನಿಟರಿಗೂ ದೇವಸ್ಥಾನಕ್ಕೂ ಏನು ನಂಟೆಂದು ಅವಳಿಗೆ ಮೊದಮೊದಲು ಹೊಳೆಯಲಿಲ್ಲ. ಹೊಳೆದ ಮೇಲೆ, ದೂರ ಎಂದು ನೆಟ್ಟಗೆ ಹೇಳತೊಡಗಿದಳು. ತಿಳಿಸುತ್ತೇವೆ ಎಂದು ಕಳಿಸುವರು. ತಿಳಿಸಿದವರು ಒಬ್ಬರೂ ಇಲ್ಲ.

ಇಲ್ಲಿಯ ಕಂಪ್ಯೂಟರ್ ವಿಭಾಗದ ಮ್ಯಾನೇಜರ್ ಸೀತಾರಾಮ ಆ ಪ್ರಶ್ನೆ ಕೇಳಿರಲಿಲ್ಲ. ಅಷ್ಟಕ್ಕೇ ಅವಳು ಅವರನ್ನು ದೊಡ್ಡ ಮನುಷ್ಯರೆಂದುಕೊಂಡಳು. ಹಬ್ಬ ಕಳೆಯಲಿ, ಕಾಯಂ ಮಾಡಿಸುತ್ತೇನೆ ಎಂದು ಅವರೇ ಹೇಳಿದ್ದರು.

ಪೂಜೆಯ ಹಿಂದಿನ ದಿನ ಸರ್ವರ್ ರೂಮನ್ನು ಗುಡಿಸಿ, ಪೆಟ್ಟಿಗೆಗಳ ಧೂಳೊರೆಸಿ, ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿದವಳು ರಂಜಿನಿ. ಮರುದಿನ ಪಂಚೆಯುಟ್ಟು ಬಂದ ಸೀತಾರಾಮ, ನೀನು ಫೋನಿನ ಹತ್ತಿರವೇ ಇರಮ್ಮ, ಪ್ರಸಾದ ಕಳಿಸುತ್ತೇನೆ ಎಂದರು. ಬೆಣ್ಣೆಯಂಥ ಮಾತು. ಹಬ್ಬದ ದಿನ ಫೋನು ಯಾಕೆ ಬಡಿದುಕೊಳ್ಳುತ್ತದೆ? ವಿಭಾಗದ ಉಳಿದವರೆಲ್ಲ ಒಳಗಿದ್ದರು. ಅವಳು ಗಾಜಿನ ಬಾಗಿಲಾಚೆಯಿಂದ ನೋಡುತ್ತ ನಿಂತಳು. ಒಡೆದ ತೆಂಗಿನಕಾಯಿಯ ಎರಡು ಹೋಳನ್ನೂ ಸೀತಾರಾಮ ನೀರಿನ ಸಮೇತ ಸರ್ವರ್ ಪೆಟ್ಟಿಗೆಯ ತಲೆಯ ಮೇಲಿಟ್ಟರು. ಹಾರ ಸರಿಪಡಿಸುವಾಗ ಅವರ ಮೊಣಕೈ ತಗುಲಿ ಒಂದು ಹೋಳು ವಾಲಿ, ನೀರು ಪೆಟ್ಟಿಗೆಯೊಳಕ್ಕೆ ಇಳಿಯಿತು. ಅವಳು ಗಾಜು ತಟ್ಟಿದಳು. ಅವರು ತಿರುಗಿಯೂ ನೋಡದೆ, ಅಲ್ಲೇ ಇರು ಎಂದು ಅಂಗೈ ತೋರಿಸಿದರು.

ವಿಜಯದಶಮಿ ಕಳೆದು ಕಾರ್ಖಾನೆ ತೆರೆದಾಗ ಸರ್ವರ್ ಉಸಿರೆತ್ತಲಿಲ್ಲ. ಬಿಲ್ಲು ಬರದೆ ಲಾರಿಗಳು ಗೇಟಿನಲ್ಲೇ ನಿಂತವು. ಎಲ್ಲರ ಬೈಗುಳವೂ ರಂಜಿನಿಯ ಫೋನಿಗೆ. ಮೈಸೂರಿನಿಂದ ಬಂದ ಮೆಕ್ಯಾನಿಕ್ ಪೆಟ್ಟಿಗೆ ಬಿಚ್ಚಿದ. ಒಳಗೆಲ್ಲ ಅಂಟು, ಅಂಟಿಗೆ ಮುತ್ತಿದ ಇರುವೆ. ಯಾರ ಕೆಲಸ ಇದು ಎಂದು ಬೆಂಗಳೂರಿನ ಹೆಡ್ ಆಫೀಸಿನವರು ಕೇಳಿದರು. ಮಧ್ಯಾಹ್ನ ಮತ್ತೆ ಫೋನ್ ಮಾಡುತ್ತೇವೆ, ಉತ್ತರ ಬೇಕು ಎಂದರು.

ಸೀತಾರಾಮ ಅವಳನ್ನು ಸರ್ವರ್ ರೂಮಿಗೇ ಕರೆದು, ಎಂದೂ ಇಲ್ಲದಂತೆ ಕುರ್ಚಿ ಎಳೆದುಕೊಟ್ಟರು.

“ನೋಡಮ್ಮ, ಪೂಜೆ ದಿನ ಟ್ರೈನಿ ಒರೆಸೋವಾಗ ಕೈತಪ್ಪಿ ನೀರು ಚೆಲ್ಲಿದ್ಳು ಅಂದ್ರೆ ಯಾರೂ ದೊಡ್ಡದು ಮಾಡಲ್ಲ. ನನ್ನ ಹೆಸರು ಬಂದ್ರೆ ನಿನ್ನ ಕಾಯಂ ಮಾಡಿಸೋರು ಯಾರು ಹೇಳು?”

ಮಾತು ಸುಳ್ಳಲ್ಲ. ಮಾಡಿಸುವವರೂ ಇವರೇ, ಕಳಿಸುವವರೂ ಇವರೇ. ಕಳಿಸಿದರೆ ಮತ್ತೆ ಕೆಲಸ ಕೇಳಿ ಹತ್ತುವ ಅದೇ ಮೆಟ್ಟಿಲು, ಅದೇ ದೇವಸ್ಥಾನದ ಪ್ರಶ್ನೆ. ಅವ್ವನ ಮುಖ ಕಣ್ಣೆದುರು ಬಂತು. ಆದರೆ ಕೂತ ಕುರ್ಚಿ ಮುಳ್ಳಾಗಿ ಒತ್ತುತ್ತಿತ್ತು. ಪೂಜೆಗೆ ಆಗದ ಮೈ ತಪ್ಪು ಹೊರಲು ಆಗುತ್ತದೆ. ಹೊಸ್ತಿಲಾಚೆ ನಿಲ್ಲಿಸಿದವರಿಗೆ ಈಗ ಅವಳು ಅಂದು ಒಳಗಿದ್ದಿರಬೇಕಾಗಿದೆ.

ಫೋನು ಬಡಿಯಿತು. ಸೀತಾರಾಮ ಎತ್ತಿ, ಇಲ್ಲೇ ಇದ್ದಾಳೆ ಸರ್, ಅವಳೇ ಹೇಳುತ್ತಾಳೆ ಎಂದು ರಿಸೀವರ್ ಚಾಚಿದರು.

ಅವಳು ಎದ್ದು ನಿಂತು ತೆಗೆದುಕೊಂಡಳು. ತಿದ್ದಿ ತೀಡಿದ ಆಫೀಸಿನ ಮಾತು ಬರಲಿಲ್ಲ, ಮನೆಯ ಮಾತೇ ಬಂತು.

“ಪೂಜೆ ದಿನ ನನ್ನ ಈ ರೂಮೊಳಕ್ಕೇ ಬುಟ್ಟಿಲ್ಲ ಸಾ. ಚೆಲ್ಲಿದ್ದು ಕಾಯಿ ನೀರು. ನಾನು ಚೆಲ್ದೆ ಅಂತ ಒಪ್ಕಳಕಿಲ್ಲ.”

“ಇಡು ಫೋನು” ಎಂದರು ಸೀತಾರಾಮ, ಹಲ್ಲು ಕಚ್ಚಿಕೊಂಡು.

ಆ ಕಡೆಯವರು, ಯಾಕೆ ಬಿಡಲಿಲ್ಲ ಎಂದು ಕೇಳುತ್ತಿದ್ದರು. ಸೀತಾರಾಮ ರಿಸೀವರಿಗೆ ಕೈ ಚಾಚಿದರು. ಅವಳು ಅಂಗೈ ತೋರಿಸಿದಳು.

“ನೀವು ಅಲ್ಲೇ ಇರಿ ಸಾ. ನಾನು ಇಡಕಿಲ್ಲ.”