ಎಳನೀರಿನ ಬಗ್ಗೆ ಅಂಕಮ್ಮ ಕೇಳಿದ್ದು

ನೊಣವಿನಕೆರೆ ಕಡೆ ಯಾರು ಕಾಯಿಲೆ ಬಿದ್ದರೂ ಮೊದಲು ಕೊಡುವುದು ಎಳನೀರು. ಅದನ್ನೇ ಬಿಡಿ ಎಂದರೆ ಯಾರು ನಂಬುತ್ತಾರೆ?

ಅಂಕಮ್ಮನೂ ನಂಬಲಿಲ್ಲ. ಅವಳ ಗಂಡ ರಂಗಪ್ಪನ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆರಡು ಸಲ ತುಮಕೂರಿನಲ್ಲಿ ಡಯಾಲಿಸಿಸ್. ಎಳನೀರು ಮಾತ್ರ ಕೊಡಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

೨೦೦೬ರ ಬೇಸಿಗೆ. ತಿಪಟೂರಿನಲ್ಲಿ ಆಶಾ ನಡೆಸುತ್ತಿದ್ದ ಜೆರಾಕ್ಸ್ ಮತ್ತು ಇಂಟರ್‌ನೆಟ್ ಅಂಗಡಿಗೆ ಅಂಕಮ್ಮ ಒಂದು ಹಾಳೆ ಹಿಡಿದು ಬಂದಳು.

"ಎರಡು ಜೆರಾಕ್ಸ್ ಮಾಡ್ಕೊಡವ್ವ. ನಮ್ಮೋರಿಗೆ ಡಯಾಲಿಸಿಸ್ ಮಾಡೋ ಡಾಕ್ಟರಿಗೂ ಒಂದು ತೋರಿಸ್ಬೇಕು. ಎಳನೀರು ಕಿಡ್ನಿಗೆ ಒಳ್ಳೇದಂತೆ, ಇಂಟರ್‌ನೆಟ್ಟಲ್ಲೇ ಬರ್ದೈತೆ."

ಆಶಾ ಹಾಳೆ ನೋಡಿದಳು. "ಯಾರು ಬರ್ದಿದ್ದು ಅಕ್ಕಾ?"

"ಕಂಪ್ಯೂಟರು."

"ಕಂಪ್ಯೂಟರ್ ಬರೆಯಲ್ಲ. ಅದು ಬಸ್ ಸ್ಟ್ಯಾಂಡ್ ಗೋಡೆ ಇದ್ದಂಗೆ. ಯಾರು ಬೇಕಾದ್ರೂ ಅಂಟಿಸಿ ಹೋಗ್ಬಹುದು. ಇದ್ರಲ್ಲಿ ಬರ್ದೋರ ಹೆಸರಿಲ್ಲ, ತಾರೀಖಿಲ್ಲ. ಕೆಳಗೆ ಕಿಡ್ನಿಗೆ ಪುಡಿ ಮಾರೋರ ಫೋನ್ ನಂಬರ್ ಐತೆ. ನೀವು ಏನಂತ ಕೇಳಿ ತೆಗೆಸಿದ್ರಿ?"

"ತುಮಕೂರಿನ ಅಂಗಡೀಲಿ ಕೇಳ್ದೆ, ಎಳನೀರು ಕಿಡ್ನಿಗೆ ಹೆಂಗೆ ಒಳ್ಳೇದು ಅಂತ."

"ಗಂಡಿನ ಗುಣ ಹೆಂಗೆ ಅಂತ ಗಂಡಿನ ಸೋದರಮಾವನ್ನೇ ಕೇಳ್ದಂಗಾಯ್ತು. ಒಳ್ಳೇದು ಅನ್ನೋರನ್ನೇ ಹುಡುಕಿ ಕೊಡ್ತು."

ಅಂಕಮ್ಮನಿಗೆ ಸಿಟ್ಟು ಬಂತು. "ಓದ್ದೋರೆಲ್ಲ ಹಿಂಗೇ ಕಣೇ. ನಮ್ಮ ತೋಟದ ಕಾಯಲ್ಲಿ ವಿಷ ಐತಾ?"

ಆಶಾ ಕಂಪ್ಯೂಟರ್ ಮುಂದೆ ಕೂತು ತಾನೇ ಹುಡುಕಿದಳು. ಈ ಸಲ ಒಳ್ಳೆಯದು, ಕೆಟ್ಟದ್ದು ಎಂದು ಸೇರಿಸಲಿಲ್ಲ. ಕಿಡ್ನಿ ವೈಫಲ್ಯ, ಎಳನೀರು ಎಂದಷ್ಟೇ ಟೈಪ್ ಮಾಡಿದಳು. ಒಂದು ಆಸ್ಪತ್ರೆಯ ಪುಟ, ಒಂದು ಮೆಡಿಕಲ್ ಕಾಲೇಜಿನ ಪುಟ ಸಿಕ್ಕವು. ಎರಡರಲ್ಲೂ ಡಾಕ್ಟರ ಹೆಸರಿತ್ತು, ತಾರೀಖಿತ್ತು. ಎರಡೂ ಒಂದೇ ಮಾತು ಹೇಳಿದವು.

"ಎಳನೀರಲ್ಲಿ ಪೊಟ್ಯಾಸಿಯಂ ಅನ್ನೋ ಲವಣ ಜಾಸ್ತಿ. ಕೆಟ್ಟ ಕಿಡ್ನಿ ಅದನ್ನ ಹೊರಗೆ ಹಾಕಲ್ಲ. ಮೈಯಲ್ಲೇ ನಿಂತು ಎದೆಬಡಿತ ನಿಲ್ಲಿಸಬಹುದು. ನಿಮ್ಮ ಹಾಳೆ ಕಿಡ್ನಿಯಲ್ಲಿ ಕಲ್ಲಾದೋರ ಮಾತು ಹೇಳ್ತದೆ. ಅಣ್ಣಂದು ಕಲ್ಲಲ್ಲ."

"ಇದನ್ನ ಮಾತ್ರ ಹೆಂಗೆ ನಂಬೋದು?"

ಆಶಾ ಮೇಜಿನ ಡ್ರಾಯರ್‌ನಿಂದ ಒಂದು ಹಾಳೆ ತೆಗೆದಳು. ಅದೇ ಪುಡಿ, ಅದೇ ಫೋನ್ ನಂಬರ್.

"ಹೋದ ವರ್ಷ ನಾನೂ ನಿಮ್ಮಂಗೇ ಕೇಳಿದ್ದೆ. ನಮ್ಮ ಮನೆಯವರಿಗೂ ಕಿಡ್ನಿ ಕೆಟ್ಟಿತ್ತು. ದಿನಾ ಎರಡು ಎಳನೀರು ಕೊಟ್ಟೆ. ಹನ್ನೊಂದನೇ ದಿನ ಹೋದ್ರು."

ಅಂಕಮ್ಮ ತನ್ನ ಹಾಳೆಯನ್ನು ಅದರ ಪಕ್ಕ ಇಟ್ಟು ನೋಡಿದಳು.

"ನಿನ್ನೆಯಿಂದ ಮೂರು ಕುಡ್ಸಿದೀನಿ ಕಣವ್ವ."

ಆಶಾ ಫೋನನ್ನು ಅವಳ ಕಡೆ ತಳ್ಳಿದಳು. ಅಂಕಮ್ಮ ಊರಿನಲ್ಲಿದ್ದ ಮೈದುನನಿಗೆ ಹೇಳಿದಳು: "ಲಕ್ಕಯ್ಯ, ಎಳನೀರು ಕೆತ್ತಬ್ಯಾಡ ಬುಡು. ನಿಮ್ಮಣ್ಣನ್ನ ಈಗ್ಲೇ ಆಸ್ಪತ್ರೆಗೆ ಕರ್ಕಂಡು ಬಾ."

ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ಏರಿತ್ತು. ಅವತ್ತೇ ಡಯಾಲಿಸಿಸ್ ಮಾಡಿದರು. ರಂಗಪ್ಪನ ಕಿಡ್ನಿ ಸರಿಹೋಗಿಲ್ಲ. ಸರಿಹೋಗುತ್ತದೆ ಎಂದು ಡಾಕ್ಟರೂ ಹೇಳಿಲ್ಲ. ಆದರೆ ಅವನಿದ್ದಾನೆ.

ಇಂಥ ಹಾಳೆ ನಿಮ್ಮ ಮನೆಗೂ ಬರುತ್ತದೆ. ಯಾರು ಬರೆದರು, ಯಾವಾಗ ಬರೆದರು, ಏನು ಮಾರುತ್ತಿದ್ದಾರೆ ನೋಡಿ. ನಿಮಗೆ ಬೇಕಾದ ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಹುಡುಕಬೇಡಿ. ಇನ್ನೊಂದು ಕಡೆಯೂ ನೋಡಿ, ನಿಮ್ಮ ಡಾಕ್ಟರನ್ನು ಕೇಳಿ. ಲೋಟ ಕೈಗೆ ಕೊಡುವ ಮೊದಲೇ ಕೇಳಿ.