ಲಿಯಾಂಗ್ ಡಾಕ್ಟರು ಮಾಡಿದ ಬಾಣಂತನ

"ಗಾಳಿ ಬರಲಿ ಅಂತ ನರ್ಸ್ ಹೇಳಿದ್ರೆ ಆಗೋಯ್ತಾ? ಮೊದಲು ಕಿಟಕಿ ಮುಚ್ಚು, ಶರ್ಮಿಳಾ," ಅಂದರು ಲಿಯಾಂಗ್ ಡಾಕ್ಟರು, ಇನ್ನೂ ಕೋಟು ಬಿಚ್ಚಿರಲಿಲ್ಲ.

ಅಂದದ್ದು ಇಂಗ್ಲಿಷಿನಲ್ಲೇ. ನನಗೆ ಮಾತ್ರ ನಮ್ಮ ಅತ್ತೆಯ ದನಿಯೇ ಕೇಳಿಸಿತು. ಐರ್ಲೆಂಡಿನ ಈ ಕಿಲ್ಕೆನ್ನಿಯಲ್ಲಿ ಚೀನೀ ವೈದ್ಯ ಮಾಡುವ ಇವರು ಸೂಜಿ ಚುಚ್ಚಿಯೇ ನನ್ನ ಹಿಡಿದುಕೊಂಡ ಭುಜ ಬಿಡಿಸಿದವರು. ಚುಚ್ಚಿಸಿಕೊಳ್ಳುತ್ತಲೇ ಪಕ್ಕದ ಮನೆಯ ಚಿನ್ಮಯಿಯ ಕಷ್ಟ ಹೇಳಿಕೊಂಡಿದ್ದೆ. ಚೊಚ್ಚಲ ಹೆರಿಗೆ, ಮೈಸೂರಿನ ಅಮ್ಮನಿಗೆ ವೀಸಾ ಸಿಕ್ಕಿಲ್ಲ, ಹುಡುಗಿ ಸದಾ ಅಳು, ಎರಡು ತುತ್ತೂ ಇಳಿಯುತ್ತಿಲ್ಲ. ತಮ್ಮೂರಲ್ಲೂ ಬಾಣಂತಿ ತಿಂಗಳಿಡೀ ತಣ್ಣೀರು ಮುಟ್ಟುವುದಿಲ್ಲ ಎಂದ ಡಾಕ್ಟರು, ಈಗ ಪಾತ್ರೆ ಸಮೇತ ಅವಳ ಮನೆಗೆ ಬಂದೇಬಿಟ್ಟಿದ್ದರು.

ಮುಚ್ಚಳ ತೆಗೆದರೆ ಶುಂಠಿಯ ಘಮ. ಅದರಡಿ ಹಂದಿಕಾಲು. ಚಿನ್ಮಯಿ ಮೊಟ್ಟೆಯನ್ನೂ ಮುಟ್ಟದವಳು. ತೊದಲುತ್ತ ಹೇಳಿದೆ. ಡಾಕ್ಟರು ಮುಚ್ಚಳ ಮುಚ್ಚಿದರು. ಔಷಧಿಯ ಒಂದು ಬೇರೂ ತಮ್ಮ ದೇಶದ್ದೇ ಆಗಬೇಕೆನ್ನುವ, ಇಷ್ಟು ವರ್ಷವಾದರೂ ಐರಿಷ್ ಪಾಸ್‌ಪೋರ್ಟ್ ಒಲ್ಲೆನೆಂದ ಹೆಂಗಸು. ಅವರ ಅಮ್ಮ ಕಲಿಸಿದ ಅಡುಗೆ ಅದು. ಇನ್ನು ಎದ್ದು ಹೋಗುತ್ತಾರೆ ಅಂದುಕೊಂಡೆ.

"ಇವಳ ಅಮ್ಮಂಗೆ ಫೋನ್ ಮಾಡು. ಅವರ ಪದ್ಧತೀಲೇ ಮಾಡೋಣ," ಅಂದರು.

ಆ ಪಾತ್ರೆಯನ್ನು ಎದುರುಮನೆಯ ಮಂಗಳೂರಿನ ಜೋಯ್ಸ್‌ಗೆ ದಾಟಿಸಿ ಬಂದೆ. ಅವಳಿಗಂತೂ ಹಬ್ಬ. ಅಷ್ಟರಲ್ಲಿ ವಿಡಿಯೊದಲ್ಲಿ ಚಿನ್ಮಯಿಯ ಅಮ್ಮ ಪಾರ್ವತಮ್ಮನವರು, ಒಲೆಯ ಮುಂದೆ ಡಾಕ್ಟರು. ನಡುವೆ ನಾನು ದುಭಾಷಿ. ಮೆಣಸು ಹುರಿಯಿರಿ, ಬೆಳ್ಳುಳ್ಳಿ ತುಪ್ಪದಲ್ಲಿ ಬಾಡಲಿ, ಇಲ್ಲದಿದ್ದರೆ ವಾಯು ಆಗುತ್ತೆ ಎಂದರು ಪಾರ್ವತಮ್ಮ. ನಾನಿದನ್ನು ಹೇಳುತ್ತಿದ್ದಂತೆ, ಹೌದು, ಗಾಳಿ ಒಳಗೆ ಸೇರುತ್ತೆ ಎಂದು ಡಾಕ್ಟರು ತಲೆಯಾಡಿಸಿದರು. ಕಡೆಗೆ ತಮ್ಮೂರ ಒಣ ಎಲಚಿಹಣ್ಣನ್ನು ಹಾಲಿಗೆ ಹಾಕಲು ಅಪ್ಪಣೆ ಕೇಳಿದರು. ಧಾರಾಳವಾಗಿ ಸಿಕ್ಕಿತು.

ಬಿಸಿ ಅನ್ನಕ್ಕೆ ಮೆಣಸಿನ ಸಾರು ಕಲಸಿ ಡಾಕ್ಟರು ಚಿನ್ಮಯಿಗೆ ತಟ್ಟೆ ಕೊಟ್ಟಾಗ ಪಾರ್ವತಮ್ಮನವರು ಪರದೆಯ ಹತ್ತಿರ ಬಾಗಿದರು. "ನಾನು ಮಾಡ್ಬೇಕಾದ್ದು ಅವ್ರು ಮಾಡ್ತಿದಾರೆ. ಅವ್ರಿಗೆ ಏನ್ ಹೇಳ್ಲಿ, ಶರ್ಮಿಳಾ?"

ನಾನದನ್ನು ಇಂಗ್ಲಿಷಿಗಿಳಿಸಿದೆ. ಡಾಕ್ಟರು ಕೈ ಒರೆಸಿಕೊಂಡರು. "ನನ್ನ ಮಗಳು ನಮ್ಮೂರಲ್ಲಿ ಹೆತ್ತಾಗ ನಾನು ಇಲ್ಲಿದ್ದೆ. ಯಾರೋ ಪಕ್ಕದ ಮನೆಯವರು ಅವಳನ್ನ ನೋಡ್ಕೊಂಡ್ರು. ಅವರ ಮುಖಾನೂ ನಾನು ನೋಡಿಲ್ಲ. ಅಷ್ಟು ಹೇಳು."

ಹೇಳಿದೆ. ಪಾರ್ವತಮ್ಮ ಏನೋ ಅನ್ನುವಷ್ಟರಲ್ಲಿ ಚಿನ್ಮಯಿ, ಇನ್ನೊಂದು ಸೌಟು ಅನ್ನಕ್ಕೆ, ಬರಿದಾದ ತಟ್ಟೆ ಮುಂದೆ ಚಾಚಿದಳು.