ಶಿವಯ್ಯಂದೇ

ಹಳೇಬೀಡಿನ ಕೆರೆ ಹಿಂದಿನ ಬೀದಿಯಲ್ಲಿ ಬಾಡಿಗೆ ಮನೆ ತೋರಿಸುತ್ತಾ ಕೆಂಚಪ್ಪ ಗೋಡೆಯನ್ನು ಅಂಗೈಯಿಂದ ತಟ್ಟಿದ. "ಸಿಮೆಂಟು, ಮರ, ಯಾವುದ್ರಲ್ಲೂ ಮೋಸ ಇಲ್ಲ ಮೇಡಂ. ಎಲ್ಲಾ ಶಿವಯ್ಯಂದೇ!"

ಲತಾಮಣಿಗೆ ನಗು ಬಂತು. ಅರಸೀಕೆರೆಯಿಂದ ಬೇಲೂರಿನವರೆಗೂ ಈ ಮಾತು ಯಾರ ಬಾಯಲ್ಲಿಲ್ಲ? ತುಪ್ಪ ಅಪ್ಪಟವಾದರೆ ಶಿವಯ್ಯಂದೇ, ಕೊಟ್ಟ ಮಾತು ಗಟ್ಟಿಯಾದರೆ ಅದೂ ಶಿವಯ್ಯಂದೇ. ಹೈಸ್ಕೂಲಿಗೆ ವರ್ಗವಾಗಿ ಬಂದಿದ್ದ ಅವಳಿಗೆ ಸೋಮವಾರದೊಳಗೆ ಮನೆ ಬೇಕಿತ್ತು. ಇದು ಹಿಡಿಸಿತ್ತು. ಬೀಗದ ಕೈಯನ್ನು ಕೆಂಚಪ್ಪ ಆಗಲೇ ಕೊಟ್ಟಾಗಿತ್ತು.

ಹಿತ್ತಲಲ್ಲಿ ಅವನ ಹೆಂಡತಿ ಮಾದಮ್ಮ ಯಂತ್ರದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದಳು. ಪೆಡಲು ಒತ್ತಿದರೆ ಎರಡು ಹಲ್ಲು ಅಗಲವಾಗಿ ಸಿಪ್ಪೆ ಸೀಳುವ ಯಂತ್ರ. ಲತಾಮಣಿ ಬಗ್ಗಿ ಪೆಡಲಿನ ಅಡಿ ಬೆರಳಾಡಿಸಿದಳು. ಮೊಳೆಯಲ್ಲಿ ಹೊಡೆದ ಜೋಡಿ ಚುಕ್ಕಿ ಸಿಕ್ಕಿತು, ಅಪ್ಪನ ಗುರುತು.

"ಇದನ್ನ ಮಾಡಿದ್ದು ನಮ್ಮಪ್ಪ, ಕಣಕಟ್ಟೆ ಶಿವಯ್ಯ," ಅಂದಳು.

"ಅಯ್ಯೋ ತಾಯಿ! ಆ ಪುಣ್ಯಾತ್ಮರ ಮಗಳಾ ನೀವು? ಮಾದೀ, ಕಾಫಿ ಇಡೇ! ಯಾವ್ದೋ ದೊಡ್ಡ ಮನೆತನದೋರೇ ಇರ್ಬೇಕು ಅಂತ ನಾನು ಹೇಳ್ತಾನೇ ಇದ್ದೆ."

"ಮನೆತನ ಎಲ್ಲಿಂದ ಬರ್ಬೇಕು? ನಮ್ಮಪ್ಪ ಕೇರಿಯೋರು ಕಣ್ರೀ. ಈಗ ನಾವು ಬೌದ್ಧರು."

ಕಾಫಿ ಬರಲಿಲ್ಲ.

ಶಿವಯ್ಯ ಜಮೀನ್ದಾರರ ಅಂಗಳದಲ್ಲಿ ಕೂಲಿಗೆ ಕಾಯಿ ಸುಲಿದವನು. ನೆಟ್ಟ ಕಬ್ಬಿಣದ ಮೊನೆಗೆ ಅಂಗೈ ಹರಿದುಕೊಂಡ ಮೇಲೆ, ಅರಸೀಕೆರೆಯ ವೆಲ್ಡಿಂಗ್ ಶೆಡ್ಡಿನ ಮೂಲೆಯಲ್ಲಿ ಗುಜರಿ ಜೀಪಿನ ಪಟ್ಟಿ, ಸೈಕಲ್ ಚೈನು ಸೇರಿಸಿ ಇದನ್ನು ಕಟ್ಟಿದ. ಪೇಟೆಯವರು ನಕಲು ಮಾಡಿದರು. ನಕಲಿನ ಹಲ್ಲು ಮುರಿದು ಯಾರದೋ ಬೆರಳು ಹೋಯಿತು. ಅಲ್ಲಿಂದಾಚೆ ಜನ ಅಂಗಡಿಗಳಲ್ಲಿ "ಶಿವಯ್ಯಂದೇ ಕೊಡಿ" ಎಂದು ಹಟ ಹಿಡಿದರು. ಮಾತು ಹುಟ್ಟಿದ್ದು ಹಾಗೆ. ಆದರೆ ಅವನ ಜಾತಿ ಬಲ್ಲ ಊರುಗಳಲ್ಲಿ ಕೊಂಡವರು ಅರಿಶಿನದ ನೀರು ಚಿಮುಕಿಸಿಯೇ ಯಂತ್ರವನ್ನು ಒಳಗೊಯ್ದರು. ಶಿವಯ್ಯ ಬಾಗಿಲಾಚೆ ನಿಂತು, ಕೋಲಿನಲ್ಲಿ ತೋರಿಸುತ್ತಾ, ಹೇಗೆ ಒತ್ತಬೇಕೆಂದು ಕಲಿಸಿದ. ಕಬ್ಬಿಣದ ಮೈಲಿಗೆ ಕಳೆಯಿತಂತೆ, ಅದನ್ನು ಬಗ್ಗಿಸಿದ ಕೈಯದು ಕಳೆಯಲಿಲ್ಲವಂತೆ, ಎಂಥಾ ನ್ಯಾಯ! ಸಾಯುವವರೆಗೂ ಇದನ್ನೆಲ್ಲ ನಗುತ್ತಲೇ ಹೇಳುತ್ತಿದ್ದ ಮಹಾರಾಯ. ಆ ನಗು ನೆನೆದರೂ ಲತಾಮಣಿಗೆ ಮೈ ಉರಿಯುತ್ತಿತ್ತು.

ಕೆಂಚಪ್ಪ ತಲೆ ಕೆರೆದುಕೊಂಡ. "ಮರ್ತೇಬಿಟ್ಟಿದ್ದೆ ನೋಡಿ ಮೇಡಂ. ನಮ್ಮಳಿಯನ ಕಡೆಯೋರು ಈ ಮನೆ ಕೇಳವ್ರೆ. ನಿನ್ನೇನೇ ಮಾತು ಕೊಟ್ಟಿವ್ನಿ." ಬೀಗದ ಕೈಗಾಗಿ ಅಂಗೈ ಚಾಚಿದ.

ಮಾದಮ್ಮ ತಲೆ ತಗ್ಗಿಸಿ ಇನ್ನೊಂದು ಕಾಯಿ ಎತ್ತಿಕೊಂಡಳು.

"ಹೌದಾ?" ಲತಾಮಣಿ ಅವನ ಕಡೆಗೆ ತಿರುಗಿದಳು. "ನಿಜವಾಗ್ಲೂ ಮಾತು ಕೊಟ್ಟಿದ್ದೀರಾ?"

"ದೇವ್ರಾಣೆ ಮೇಡಂ! ನನ್ ಮಾತು ಅಂದ್ರೆ ಶಿವಯ್ಯಂ..."

ನಾಲಿಗೆ ಅಲ್ಲಿಗೇ ನಿಂತಿತು.

"ಹೇಳಿ," ಅಂದಳು ಲತಾಮಣಿ, ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು. "ಪೂರ್ತಿ ಹೇಳಿ, ಕೊಟ್ಟು ಹೋಗ್ತೀನಿ."

ಕೆಂಚಪ್ಪನ ಚಾಚಿದ ಕೈ ಹಾಗೇ ಇತ್ತು.